ಗಂಡ ಊರಲ್ಲಿಲ್ಲದಾಗ ಕಾಪರ್-ಟಿ

ಗುಂಡ್ಲುಪೇಟೆಯ ಹತ್ತಿರದ ಆ ಊರಿನಲ್ಲಿ ಮಕ್ಕಳ ವಯಸ್ಸು ಕೇಳಿದರೆ ಸಾಕು, ಅಪ್ಪ ಕುವೈತ್‌ನಿಂದ ಯಾವ ವರ್ಷ ರಜೆಗೆ ಬಂದಿದ್ದ ಎಂದು ಹೇಳಬಹುದಿತ್ತು. ಕೇರಳದ ಏಜೆಂಟನನ್ನು ಹಿಡಿದು ಡ್ರೈವರ್ ಕೆಲಸಕ್ಕೆ ಹೋದ ಗಂಡಸರಿಗೆ ಎರಡು ವರ್ಷಕ್ಕೊಮ್ಮೆ ನಲವತ್ತು ದಿನ ರಜೆ. ಶಾಂತಮಲ್ಲಮ್ಮನ ಎರಡನೆಯ ಮಗಳೂ ಅಂಥ ರಜೆಯ ಕೂಸೇ. ಬಸಿರು ತಡೆಯುವ ಕಾಪರ್-ಟಿಯನ್ನು ಗಂಡ ಬಂದಮೇಲೆ ಆಸ್ಪತ್ರೆಗೆ ಹೋಗಿ ಹಾಕಿಸಿಕೊಂಡರಾಯಿತು ಎಂದುಕೊಂಡಿದ್ದಳು. ನೆಂಟರು, ಬಾಡೂಟ, ಗೋಪಾಲಸ್ವಾಮಿ ಬೆಟ್ಟ ಎನ್ನುವಷ್ಟರಲ್ಲಿ ರಜೆ ಮುಗಿದು ಇವಳಿಗೆ ವಾಂತಿ ಶುರುವಾಗಿತ್ತು. ಆ ಹೆರಿಗೆಯಲ್ಲಿ ರಕ್ತ ಹೋಗಿ ಅವಳು ಉಳಿದದ್ದೇ ಹೆಚ್ಚು. ಇನ್ನೊಂದು ಬಸಿರಾದರೆ ಜೀವಕ್ಕೆ ಅಪಾಯ ಎಂದಿದ್ದರು ಡಾಕ್ಟರು.

2004ರಲ್ಲಿ ಗಂಡ ಕುಮಾರಸ್ವಾಮಿ ಮತ್ತೆ ಬರುವುದು ಗೊತ್ತಾಯಿತು. ಈ ಸಲ ಮೊದಲೇ ಕಾಪರ್-ಟಿ ಹಾಕಿಸಿಕೊಳ್ಳುವುದೆಂದು ಅವಳು ಗಟ್ಟಿ ಮಾಡಿದಳು. ಆದರೆ ಗಂಡ ಕಡಲಾಚೆ ಇರುವಾಗ ಹೆಂಡತಿಗೆ ಅದೇಕೆ ಎಂದು ಊರು ಕೇಳದೆ ಬಿಟ್ಟೀತೇ? ಗಡಿಗೆ ಬಾಯಿ ಮುಚ್ಚಬಹುದು, ಜನರ ಬಾಯಿ ಮುಚ್ಚಲಾದೀತೇ? ಗುಟ್ಟಾಗಿ ಚಾಮರಾಜನಗರಕ್ಕೆ ಹೋಗಿ ಬಾ ಎಂದರು ಕೆಲವರು. ಕದ್ದು ಹೋಗಲು ತಾನೇನು ತಪ್ಪು ಮಾಡಿದ್ದೇನೆ ಎಂದು ಅವಳಿಗೆ ಸಿಟ್ಟೇ ಬಂತು.

ಶುಕ್ರವಾರ ಕುವೈತ್‌ನಲ್ಲಿ ರಜೆ. ಗಂಡಂದಿರ ಫೋನಿಗಾಗಿ ಊರಿನ ಎಸ್‌ಟಿಡಿ ಬೂತಿನ ಮುಂದೆ ಹೆಂಗಸರ ಸಾಲು. ಮೊಮ್ಮಗನ ಆಸೆ ಬಿಡದ ಅತ್ತೆ ಮಂಚಮ್ಮನೂ ಬೂತಿನ ಜಗಲಿಯ ಮೇಲೆ ಕೂತಿದ್ದಳು. ತನ್ನ ಸರದಿ ಬಂದಾಗ ಶಾಂತಮಲ್ಲಮ್ಮ ಬೂತಿನ ಬಾಗಿಲು ಹಾಕಿಕೊಳ್ಳಲಿಲ್ಲ.

“ನೀವ್ ಬರಕ್ ಮುಂಚ್ಲೇ ನಾನು ಕಾಪರ್-ಟಿ ಆಕುಸ್ಕಬುಡ್ತೀನಿ,” ಎಂದಳು, ಎಲ್ಲರಿಗೂ ಕೇಳುವಂತೆ.

ಸಾಲಿನ ತಲೆಗಳೆಲ್ಲ ಇತ್ತ ತಿರುಗಿದವು. ಆ ಕಡೆಯಿಂದ ಕುಮಾರಸ್ವಾಮಿ ತಡವರಿಸಿದ: “ನಾನಿಲ್ದಾಗ ಆಕುಸ್ಕಂಡ್ರೆ ಊರೋರು ಏನಂದಾರಮ್ಮಿ?”

“ಊರೋರೆಲ್ಲ ಇಲ್ಲೇ ನಿಂತವ್ರೆ, ನೀವೇ ಕೇಳಿ,” ಎಂದು ಅವಳು ರಿಸೀವರನ್ನು ಸಾಲಿನತ್ತ ಚಾಚಿದಳು. ಎಂಥ ಎದೆಗಾರಿಕೆ ಆ ಹೆಣ್ಣಿನದು!

ಮಂಚಮ್ಮ ಎದ್ದು ಬಂದು ರಿಸೀವರ್ ಕಿತ್ತುಕೊಂಡಳು.

“ಲೋ ಕುಮಾರ, ಮೊಮ್ಮಗ ಬೇಕು ಅಂತ ಬಡ್ಕತಿದ್ದೋಳು ನಾನೇಯ. ಆದ್ರೆ ರಗ್ತ ಓಗ್ವಾಗ ಇವ್ಳ ಕೈ ಇಡ್ಕಂಡಿದ್ದೋಳೂ ನಾನೇ ಕಣ್ಲಾ, ನೀನಲ್ಲ. ನಿಂದು ನಲ್ವತ್ ದಿನ. ಆಮೇಲೆ ಇವ್ಳು ಸತ್ರೆ ಈ ಎಣ್‌ಮಕ್ಳಿಗೆ ಯಾರ್ಲಾ ದಿಕ್ಕು? ನಾಳೀಕೆ ನಾನೇ ಕರ್ಕಂಡೋಯ್ತೀನಿ, ಮಡುಗು ಫೋನ.”

ಮರುದಿನ ಬೆಳಿಗ್ಗೆ ಆಸ್ಪತ್ರೆಗೆ ಹೋಗಲು ಅತ್ತೆ ಸೊಸೆ ಬಸ್ಸಿಗೆ ಕಾಯುತ್ತಿದ್ದರು. ಬೂತಿನ ಸಾಲಿನಲ್ಲಿದ್ದ ಮೂವರು ಹೆಂಗಸರು ಬಂದು, ತಾವೂ ಅದೇ ಬಸ್ಸಿಗೆಂದು, ಅವರ ಪಕ್ಕದಲ್ಲಿ ನಿಂತರು.