ಬೆಂಚಿನ ಮೇಲೆ ಈಜಿಸಿದ ಮೀನು ಮೇಡಂ

ಈಜು, ಸೈಕಲ್, ಓಟ ಮೂರನ್ನೂ ಬಿಡುವಿಲ್ಲದೆ ಮುಗಿಸಬೇಕಾದ ಟ್ರಯಥ್ಲಾನ್ ಸ್ಪರ್ಧೆಯಲ್ಲಿ ತೋಳು, ಕಾಲು, ಉಸಿರಿನ ಲೆಕ್ಕ ಇಡುವವರು ಬಹಳ. ಕಣ್ಣಿನ ಲೆಕ್ಕ ಇಟ್ಟವರು ವಿರಳ. ಆ ವಿರಳರಲ್ಲಿ ಮೊದಲಿಗರು, ಕೆರೆದಂಡೆಯ ಕಣ್ಣಾಸ್ಪತ್ರೆಯಲ್ಲಿ ಮೂರು ದಶಕ ದೃಷ್ಟಿ ಪರೀಕ್ಷೆ ನಡೆಸಿ ಈ ತಿಂಗಳು ನಿವೃತ್ತರಾಗುತ್ತಿರುವ ಮೀನು ಮೇಡಂ.

ಸೇವೆಯ ಮೊದಲ ವರ್ಷಗಳಲ್ಲಿ ಅವರೂ ಎಲ್ಲರಂತೆ ಕುರ್ಚಿಯಲ್ಲಿ ಕೂರಿಸಿಯೇ ಪರೀಕ್ಷಿಸುತ್ತಿದ್ದರು. ಅದನ್ನು ಬದಲಿಸಿದ್ದು ಪಕ್ಕದ ಬೀದಿಯ ಟೈಲರಮ್ಮ. ಮೈನಸ್ ಏಳು ಪವರಿನ ಕನ್ನಡಕದ ಈಕೆ ತನ್ನ ಮೊದಲ ಸ್ಪರ್ಧೆಯಲ್ಲಿ ಅದನ್ನು ಸೈಕಲ್ಲಿನ ಬಳಿ ಬಿಟ್ಟು, ಸಾದಾ ಗಾಗಲ್ಸ್ ಹಾಕಿ ನೀರಿಗಿಳಿದಿದ್ದಳು. ದಾರಿ ತೋರಲು ತೇಲಿಬಿಟ್ಟ ಕಿತ್ತಳೆ ಬಣ್ಣದ ಬುರುಡೆ ಎಂದುಕೊಂಡು, ರಕ್ಷಣಾ ದೋಣಿಯವನ ಕಿತ್ತಳೆ ಅಂಗಿಯ ಬೆನ್ನು ಹತ್ತಿದಳು.

"ನಾನು ಹತ್ತಿರ ಹೋದಷ್ಟೂ ಅದು ದೂರ ಹೋಗ್ತಿತ್ತು ಮೇಡಂ! ಅವನೋ, ಪಾಪ, ನನಗೆ ದಾರಿ ಬಿಡೋಣ ಅಂತ ಹಿಂದೆ ಹಿಂದೆ ಹೋಗಿದ್ದಾನೆ."

ಪರೀಕ್ಷೆಗೆ ಬಂದವಳ ಈ ಕಥೆ ಕೇಳಿ ಮೇಡಂ ಹೊಟ್ಟೆ ಹಿಡಿದು ನಕ್ಕರು. ನಗು ನಿಂತ ಮೇಲೆ ಟೈಲರಮ್ಮನನ್ನು ಬೆಂಚಿನ ಮೇಲೆ ಬೋರಲಾಗಿ ಮಲಗಿಸಿ, ತೋಳು ಬೀಸುತ್ತಾ ಒಂದು ಕ್ಷಣ ತಲೆ ಎತ್ತಿ ಗೋಡೆಯ ಅಕ್ಷರ ಓದಲು ಹೇಳಿದರು. ನೀರಿನಲ್ಲಿ ಈಜುವವರ ಕಣ್ಣಿಗೆ ಸಿಗುವುದು ಅಷ್ಟೇ ಹೊತ್ತು ಎಂಬುದು ಅವರ ವಾದ. ಬಾಗಿಲಲ್ಲಿ ಇಣುಕಿದ ನರ್ಸು, "ಒಳಗೆ ಮೀನು ಒದ್ದಾಡ್ತಿದೆ" ಎಂದು ಊರಿಗೆಲ್ಲ ಸಾರಿದಳು. ಒದ್ದಾಡಿದ್ದು ಟೈಲರಮ್ಮ, ಹೆಸರು ಮಾತ್ರ ಮೇಡಂಗೆ ಅಂಟಿತು.

ಪವರ್ ಇರುವ ಗಾಗಲ್ಸ್ ಮಾಡಿಸಲು ಕೊಟ್ಟಾಯಿತು. ಬರುವವರೆಗೆ ಕಾಂಟ್ಯಾಕ್ಟ್ ಲೆನ್ಸ್ ಹಾಕಿ ಈಜಕೂಡದೆಂದು ಮೇಡಂ ಕಟ್ಟಪ್ಪಣೆ ಮಾಡಿದ್ದರು. ಮೇಲೆ ಗಾಗಲ್ಸ್ ಇರುವಾಗ ನೀರು ಎಲ್ಲಿಂದ ಬಂದೀತು ಎಂದು ಟೈಲರಮ್ಮ ಗುಟ್ಟಾಗಿ ಲೆನ್ಸ್ ಹಾಕಿಕೊಂಡೇ ಈಜಿದಳು. ಕೆರೆನೀರಿನ ಕಣ್ಣಿಗೆ ಕಾಣದ ಜೀವಿ ಲೆನ್ಸಿನಡಿ ಸೇರಿದರೆ ಕಪ್ಪುಗುಡ್ಡೆಯ ಮೇಲಿನ ಪಾರದರ್ಶಕ ಪದರವನ್ನೇ ಹುಣ್ಣು ಮಾಡುತ್ತದೆ. ಗಾಗಲ್ಸಿನೊಳಗೆ ಸೋರಿದ ನಾಲ್ಕು ಹನಿಯೇ ಅದಕ್ಕೆ ಸಾಕು.

ಗಾಗಲ್ಸ್ ಕೊಡಲು ಮೇಡಂ ತಾವೇ ಹೊಲಿಗೆ ಅಂಗಡಿಗೆ ಹೋದಾಗ ಅಲ್ಲಿ ದೀಪ ಆರಿತ್ತು. ಟೈಲರಮ್ಮ ತಂಪು ಕನ್ನಡಕದಲ್ಲಿ ಹೊಲಿಯುತ್ತಿದ್ದಳು.

"ಲೈಟ್ ಯಾಕೆ ಆರಿಸಿದ್ದೀಯ?"

"ಚುಚ್ಚುತ್ತೆ ಮೇಡಂ. ಭಾನುವಾರ ರೇಸ್ ಮುಗೀಲಿ, ಸೋಮವಾರ ನಾನೇ ಬರ್ತೀನಿ."

"ಭಾನುವಾರ ಮತ್ತೆ ಬರುತ್ತೆ ಕಣಮ್ಮ. ಹೋದ ಕಣ್ಣು ಬರಲ್ಲ. ಏಳು."

ಅಂದೇ ತಜ್ಞವೈದ್ಯರ ಮುಂದೆ ಕೂರಿಸಿದರು. ರೋಗ ಮೇಡಂ ಶಂಕಿಸಿದ್ದೇ ಆಗಿತ್ತು, ಕೆರೆನೀರಿನ ಹುಣ್ಣು. ಒಂದು ಕಣ್ಣಿಗೆ ತಿಂಗಳುಗಟ್ಟಲೆ ಹನಿ ಔಷಧ, ಮೊದಮೊದಲು ಕತ್ತಲೆ ಕೋಣೆ. ಹೊಲಿಗೆಯನ್ನೇ ನಂಬಿದ್ದ ಟೈಲರಮ್ಮನಿಗೆ ಉಳಿದೊಂದೇ ಕಣ್ಣಿನಲ್ಲಿ ಸೂಜಿಗೆ ದಾರ ಪೋಣಿಸಲು ಬರುತ್ತಿರಲಿಲ್ಲ. ಮೇಡಂ ಕೆಲಸ ಮುಗಿಸಿ ಅಂಗಡಿಗೆ ಬರುವರು. ಮರುದಿನಕ್ಕೆ ಬೇಕಾದ ಬಣ್ಣದ ದಾರಗಳನ್ನೆಲ್ಲ ಪೋಣಿಸಿ, ಸೂಜಿಗಳನ್ನು ಪುಟ್ಟ ದಿಂಬಿಗೆ ಸಾಲಾಗಿ ಚುಚ್ಚಿಟ್ಟು ಹೋಗುವರು. ಬಯ್ಯಲಿಲ್ಲ. ಬೈದಿದ್ದರೇ ಹಗುರಾಗುತ್ತಿತ್ತು ಎಂದು ಟೈಲರಮ್ಮ ಇಂದಿಗೂ ಹೇಳುತ್ತಾಳೆ. ಕಪ್ಪುಗುಡ್ಡೆಯ ಅಂಚಿನಲ್ಲೊಂದು ಮಚ್ಚೆ ಉಳಿದರೂ ದೃಷ್ಟಿ ಉಳಿಯಿತು. ಮುಂದಿನ ವರ್ಷ ಆಕೆ ಪವರ್ ಗಾಗಲ್ಸ್ ತೊಟ್ಟು, ನೇರ ಬುರುಡೆಯತ್ತಲೇ ಈಜಿ ಸ್ಪರ್ಧೆ ಮುಗಿಸಿದಳು. ಅಲ್ಲಿಂದ ಮುಂದೆ ಈಜುವವರು ಯಾರೇ ಬರಲಿ, ಬೆಂಚಿನ ಮೇಲೆ ಒದ್ದಾಡದೆ ಕೋಣೆಯಿಂದ ಹೊರಬಿದ್ದದ್ದಿಲ್ಲ.

ಇಷ್ಟು ಜನರನ್ನು ನೀರಿಗಿಳಿಸಿದ ಮೇಡಂಗೆ ಮಾತ್ರ ನೀರೆಂದರೆ ಭಯ. ಕನ್ನಡಕ ತೆಗೆದರೆ ದಡವೇ ಕಾಣದು. ನಿವೃತ್ತಿಯ ವರ್ಷ ಟೈಲರಮ್ಮ ಹಟಹಿಡಿದು ಕೊಳದಲ್ಲಿ ಅವರಿಗೆ ಈಜು ಕಲಿಸಿದಳು, ಅವರ ಪವರಿಗೇ ಗಾಗಲ್ಸ್ ಮಾಡಿಸಿದಳು. ಕಳೆದ ವಾರ ಬೆಳಿಗ್ಗೆ ಮೇಡಂ ಮೊದಲ ಬಾರಿ ಕೆರೆಗಿಳಿದರು. ಮುಂದೆ ಟೈಲರಮ್ಮ, ತಾನೇ ಹೊಲಿದ ಕಿತ್ತಳೆ ಅಂಗಿಯಲ್ಲಿ.

"ನನ್ನೇ ನೋಡ್ತಾ ಬನ್ನಿ ಅಕ್ಕ. ಈ ಬುರುಡೆ ದೂರ ಹೋಗಲ್ಲ."

ಅಕ್ಕನ ಆ ಈಜು ದಡದಿಂದ ದಡಕ್ಕೆ ಬೆಳೆಯಲಿ. ಬೆಂಚು ಕೋಣೆಯಲ್ಲೇ ಇದೆ, ಮಲಗಿಸುವ ಕೈ ಆಗಾಗ ಬರುತ್ತಿರಲಿ. ಪೋಣಿಸುವ ಆ ಕಣ್ಣುಗಳಿಗೆ ನೂರು ವರ್ಷ ಮಸುಕು ತಟ್ಟದಿರಲಿ.