ಪದವಿನ ಹಣ

ಅಧ್ಯಕ್ಷರು ಮೈಕಿನಲ್ಲಿ ಆ ಮಾತು ಹೇಳಿದಾಗ ನಾನು ಊಟದ ಸಾಲಿನಲ್ಲಿದ್ದೆ. ಕುವೈತಿನ ವಫ್ರಾದ ಒಂದು ತೋಟದಲ್ಲಿ ನಮ್ಮ ಊರಿನವರ ಸಂಘದ ಚಳಿಗಾಲದ ಕೂಟ. ಒಂದು ಕಡೆ ಮಕ್ಕಳ ಗೋಣಿಚೀಲದ ಓಟ, ಇನ್ನೊಂದು ಕಡೆ ಹಸಿರುಮನೆಗಳ ಪ್ಲಾಸ್ಟಿಕ್ ಹಾಳೆ ಗಾಳಿಗೆ ಪಟಪಟ ಬಡಿದುಕೊಳ್ಳುತ್ತಿತ್ತು. “ಪದವಿನ ನಿಧಿಯಿಂದ ಈ ವರ್ಷ ಊರಿಗೆ ಒಂದು ಆಂಬುಲೆನ್ಸ್ ಕೊಡುವ ಅಂತ ಕಮಿಟಿ ತೀರ್ಮಾನ ಮಾಡಿದೆ” ಎಂದರು. ಜೋರು ಚಪ್ಪಾಳೆ. ನನ್ನ ಎರಡು ಕೈಯಲ್ಲೂ ತಟ್ಟೆಗಳಿದ್ದವು, ಒಂದು ನನ್ನದು, ಒಂದು ಗಂಡನದು. ಕೋಳಿ ಸಾರು ಹೆಬ್ಬೆರಳಿನ ಮೇಲೆ ಹರಿದದ್ದು ತಡವಾಗಿ ಗೊತ್ತಾಯಿತು.

ಪದವು ಎಂದರೆ ನಮ್ಮ ಕಡೆ, ಊರಿನ ನೆತ್ತಿಯ ಮೇಲೆ ಹರಡಿಕೊಂಡಿರುವ ಮುರಕಲ್ಲಿನ, ಅಂದರೆ ಜಂಬಿಟ್ಟಿಗೆ ಕಲ್ಲಿನ, ಬಯಲು. ನೋಡಿದರೆ ಏನೂ ಇಲ್ಲ. ಕರಿ ಹಾಸುಕಲ್ಲು, ಅಲ್ಲಲ್ಲಿ ಮುಳ್ಳುಕಂಟಿ, ನಡುವೆ ನಾವು ಪಳ್ಳ ಎನ್ನುವ ತಗ್ಗು ಹೊಂಡ. ಆದರೆ ಮಳೆಯ ನೀರು ಆ ಕಲ್ಲಿನೊಳಗೆ ಇಳಿದೇ ಕೆಳಗಿನ ಬಾವಿಗಳಿಗೆ ಬರುವುದು. ಕಲ್ಲುಕೋರೆಯವರು ಅರ್ಧ ಪದವನ್ನು ಇಟ್ಟಿಗೆಯ ಹಾಗೆ ಕೊಯ್ದು ಲಾರಿಗೆ ಹೇರಿದ ಮೇಲೆ ಆ ಬದಿಯ ಬಾವಿಗಳು ಬೇಸಿಗೆಗೆ ಮೊದಲೇ ಒಣಗತೊಡಗಿದವು. ಆಗ ಕುವೈತಿನಲ್ಲಿರುವ ನಾವು, ತುಳು ಮಾತಾಡುವವರೂ ಬ್ಯಾರಿ ಮಾತಾಡುವ ಮುಸಲ್ಮಾನರೂ, ಒಟ್ಟಿಗೆ ಕೂತು, ಒಬ್ಬೊಬ್ಬ ಸದಸ್ಯರಿಗೆ ಒಂದು ಚೀಟಿಯಂತೆ ಮತ ಹಾಕಿ ಒಂದು ನಿಧಿ ಮಾಡಿದೆವು. ಉಳಿದ ಪದವಿನಲ್ಲಿ ಯಾರಾದರೂ ಜಾಗ ಮಾರಲು ಹೊರಟರೆ ಊರಿನ ನಮ್ಮ ಟ್ರಸ್ಟು ಅದನ್ನು ಕೊಳ್ಳುವುದು, ಕೊಂಡು ಹಾಗೆಯೇ ಬಿಡುವುದು. ಕಟ್ಟಡ ಇಲ್ಲ, ತೋಟ ಇಲ್ಲ. ಇಲ್ಲಿನ ಕಾನೂನಿನಂತೆ ಚಂದಾ ಎತ್ತುವ ಹಾಗಿಲ್ಲವಾದ್ದರಿಂದ ಪ್ರತಿಯೊಬ್ಬರೂ ತಮ್ಮ ಸಂಬಳದಿಂದ ನೇರವಾಗಿ ಊರಿನ ಸಹಕಾರಿ ಬ್ಯಾಂಕಿಗೆ ಕಳಿಸುತ್ತಿದ್ದರು. ಎರಡು ಸಣ್ಣ ತುಂಡು ಕೊಂಡದ್ದೂ ಆಗಿತ್ತು. ಉದ್ಘಾಟನೆ ಮಾಡಲು, ಫೋಟೋ ತೆಗೆಯಲು ಅಲ್ಲಿ ಏನೂ ಇರಲಿಲ್ಲ. ಅದೇ ಅದರ ಕಷ್ಟ.

ನಾನು ಕಮಿಟಿಯವಳಲ್ಲ. ಅರ್ದಿಯಾದ ಒಂದು ಟಯರ್ ಗೋದಾಮಿನ ಕಚೇರಿಯಲ್ಲಿ ಬಿಲ್ಲು ಮಾಡುವವಳು. ಆದರೂ ತಟ್ಟೆಗಳನ್ನು ಗಂಡನ ಕೈಗೆ ಕೊಟ್ಟು ಅಧ್ಯಕ್ಷರ ಹತ್ತಿರ ಹೋದೆ.

“ಅಲ್ಲ, ಅದು ಜಾಗಕ್ಕೆ ಅಂತ ವೋಟು ಹಾಕಿದ ದುಡ್ಡಲ್ವಾ?”

“ದುಡ್ಡು ಸುಮ್ನೆ ಬಿದ್ದುಕೊಂಡುಂಟು ಅಕ್ಕಾ. ಎಷ್ಟು ಸಮಯದಿಂದ ಇನ್ನೊಂದು ಜಾಗ ತೆಗೀಲಿಕ್ಕೆ ಆಗ್ಲಿಲ್ಲ. ಜೀವ ಉಳಿಸುವ ಕೆಲಸಕ್ಕೆ ಯಾರು ಬೇಡ ಅಂತಾರೆ?”

“ನಾನೂ ಬೇಡ ಅನ್ನುದಿಲ್ಲ. ಕೇಳಬೇಕಿತ್ತು ಅಂತ.”

“ಈಗ ಕೇಳಿದೆ ಅಲ್ವಾ. ಚಪ್ಪಾಳೆ ನಿಮ್ಗೆ ಕೇಳ್ಲಿಲ್ವಾ?”

ಅವರು ಸಿಟ್ಟಿನಲ್ಲಿ ಹೇಳಲಿಲ್ಲ. ಸಿಟ್ಟು ಮಾಡಿದ್ದರೆ ನನಗೆ ಸುಲಭವಾಗುತ್ತಿತ್ತು. ಹಿಂದಿನ ಮಳೆಗಾಲದಲ್ಲಿ ಅವರ ಅಣ್ಣನಿಗೆ ಎದೆನೋವು ಬಂದಿತ್ತು. ವಾಹನ ಸಿಗದೆ ರಿಕ್ಷಾದಲ್ಲಿ ಕೂರಿಸಿಕೊಂಡು ಹೋಗುವಾಗ ಹೆದ್ದಾರಿ ಮುಟ್ಟುವ ಮೊದಲೇ ಜೀವ ಹೋಯಿತು. ಇವರು ಇಲ್ಲಿ ಹೋಟೆಲಿನ ಬ್ಯಾಂಕ್ವೆಟ್ ಹಾಲಿನಲ್ಲಿ ಯಾರದೋ ಮದುವೆಯ ಕುರ್ಚಿ ಹಾಕಿಸುತ್ತಾ ಫೋನಿನಲ್ಲಿ ಅದನ್ನು ಕೇಳಿದವರು. ಊರಿನವರಿಗೆಲ್ಲ ಗೊತ್ತಿದ್ದದ್ದೇ. ಅದಕ್ಕೇ ಯಾರೂ ಎದುರು ಮಾತಾಡಲಿಲ್ಲ.

ಮರುದಿನದಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಬಿಲ್ಲಿನಲ್ಲಿ ಟಯರಿನ ಸೈಜು ತಪ್ಪು ಹೊಡೆದೆ. ಚಹಾ ಮಾಡಿ ಸಿಂಕಿನ ಹತ್ತಿರವೇ ಬಿಟ್ಟುಬಿಟ್ಟೆ. ಕಂಪನಿಯ ವ್ಯಾನು ಅಬ್ಬಾಸಿಯಾದಲ್ಲಿ ನಮ್ಮ ಕಟ್ಟಡದ ಎದುರೇ ನಿಲ್ಲುತ್ತದೆ, ಆದರೂ ನಾನು ಮೊದಲೇ ಇಳಿದು, ಚರಂಡಿ ಉಕ್ಕಿದ ಓಣಿಯಲ್ಲಿ ಹಲಗೆಯಿಂದ ಹಲಗೆಗೆ ಕಾಲಿಡುತ್ತಾ ಸುತ್ತು ಹಾಕಿಕೊಂಡು ಮನೆಗೆ ಹೋಗುತ್ತಿದ್ದೆ. ನನ್ನ ವಾದ ನನಗೇ ಕೆಟ್ಟದಾಗಿ ಕೇಳಿಸುತ್ತಿತ್ತು. ಸಾಯುವವರಿಗಿಂತ ಕಲ್ಲು ದೊಡ್ಡದೇ? ಆದರೆ ಮತ್ತೊಂದು ಲೆಕ್ಕವೂ ತಲೆಯಲ್ಲಿ ತಿರುಗುತ್ತಿತ್ತು. ಆಂಬುಲೆನ್ಸಿಗೆಂದು ಕೇಳಿದರೆ ಯಾವಾಗ ಬೇಕಾದರೂ ಜನ ಕೊಟ್ಟಾರು. ಖಾಲಿ ಬಯಲನ್ನು ಖಾಲಿ ಇಡಲು ದುಡ್ಡು ಕೊಡಿ ಎಂದರೆ ಇನ್ನೊಮ್ಮೆ ಯಾರೂ ಕೊಡುವುದಿಲ್ಲ. ಅದು ಒಂದೇ ಸಲ ಆದದ್ದು. ಬಾವಿ ಬತ್ತಿದ ಹೆದರಿಕೆ ಹಸಿಯಾಗಿದ್ದಾಗ.

“ನಿಂಗೆ ಸುಮ್ನೆ ಕೂರ್ಲಿಕ್ಕೆ ಆಗುದಿಲ್ವಾ?” ಎಂದ ಗಂಡ. “ಅವರ ಅಣ್ಣ ಸತ್ತದ್ದು. ಜನ ಎಂಥ ಹೇಳಿಯಾರು?”

ಹತ್ತನೆಯ ಕ್ಲಾಸಿನ ಮಗಳು ಮೊಬೈಲಿನಿಂದ ತಲೆ ಎತ್ತದೆ, “ಇಟ್ಸ್ ಜಸ್ಟ್ ರಾಕ್, ಅಮ್ಮಾ” ಎಂದಳು.

ಸಂಘದ ನಿಯಮದಲ್ಲಿ ಒಂದು ದಾರಿ ಇತ್ತು. ಸಾಕಷ್ಟು ಸದಸ್ಯರು ಸಹಿ ಹಾಕಿ ಕೇಳಿದರೆ ವಿಶೇಷ ಸಭೆ ಕರೆಯಲೇಬೇಕು. ನಿಧಿಯ ಉದ್ದೇಶ ಬದಲಿಸಬೇಕಾದರೆ ಸಭೆಗೆ ಬಂದವರಲ್ಲಿ ಮೂರರಲ್ಲಿ ಎರಡು ಪಾಲು ಒಪ್ಪಬೇಕು. ಸಹಿಗಾಗಿ ಹೊರಟೆ.

ಮೊದಲು ಹೋದದ್ದು ನಮ್ಮ ಓಣಿಯ ಕಿರಾಣಿ ಅಂಗಡಿಯ ಬ್ಯಾರಿ ಕಾಕನ ಹತ್ತಿರ. ನಿಧಿ ಮಾಡುವಾಗ ಮನೆಮನೆಗೆ ಹೋಗಿ ಜನರನ್ನು ಒಪ್ಪಿಸಿದವರು ಅವರು. ತಕ್ಕಡಿಯಿಂದ ಮೆಣಸು ತೆಗೆಯುತ್ತಾ, “ಸಹಿ ಹಾಕ್ತೇನೆ ತಂಗೀ, ಆದ್ರೆ ಎದ್ದು ಮಾತಾಡ್ಲಿಕ್ಕೆ ಹೇಳ್ಬೇಡ” ಎಂದರು. “ನಾನು ಬ್ಯಾರಿ ಎದ್ದು ಆಂಬುಲೆನ್ಸ್ ಬೇಡ ಅಂದ್ರೆ ಊರಿನ ವಾಟ್ಸಾಪಿನಲ್ಲಿ ಅದು ಬೇರೆಯೇ ಕಥೆ ಆಗ್ತದೆ.” ಸಹಿಯ ಹಾಳೆ ಅವರ ಮುಂದಿಟ್ಟೆ. ಅವರು ಹೇಳಿದ್ದು ನಿಜವಾಗಿತ್ತು.

ಬ್ಯಾಚುಲರ್ ರೂಮುಗಳಿಗೆ ಹೋದೆ. ಬಾಗಿಲ ಹೊರಗೆ ಚಪ್ಪಲಿಯ ರಾಶಿ, ಒಳಗೆ ಮಂಚದ ಮೇಲೆ ಮಂಚ, ನನ್ನನ್ನು ಕಂಡು ಗಡಿಬಿಡಿಯಿಂದ ಲುಂಗಿ ಸರಿಮಾಡಿಕೊಳ್ಳುವ ಹುಡುಗರು. ಕೆಲವರು ಸಹಿ ಹಾಕಿದರು, ಕೆಲವರು ನಾಳೆ ನೋಡುವ ಎಂದರು. ಶುಕ್ರವಾರ ಗಂಡನನ್ನು ಕಾಡಿ ಬೇಡಿ ಕಾರು ಹೊರಡಿಸಿ ವಫ್ರಾಕ್ಕೆ ಹೋದೆವು. ಅಲ್ಲಿನ ಹಸಿರುಮನೆಯೊಂದರಲ್ಲಿ ನಮ್ಮ ಊರಿನವನೊಬ್ಬ ಕೆಲಸಕ್ಕಿದ್ದ. ತೋಟದಲ್ಲೇ ವಾಸ, ಬಸ್ಸು ಅಪರೂಪ. ಚಳಿಗಾಲದ ಕೂಟ ಅದೇ ವಫ್ರಾದಲ್ಲಿ ನಡೆದರೂ ಬಿಡುವು ಸಿಗದೆ ಅವನು ಬಂದಿರಲಿಲ್ಲ. ಅವನ ಮನೆ ಇರುವುದು ಪದವಿನ ಬುಡದಲ್ಲೇ. ಅವನಂತೂ ನನ್ನ ಕಡೆ ಎಂದು ನಾನು ಲೆಕ್ಕ ಹಾಕಿಬಿಟ್ಟಿದ್ದೆ.

ಸೌತೆಬಳ್ಳಿಯ ಸಾಲಿನಿಂದ ಕೈ ಒರೆಸಿಕೊಳ್ಳುತ್ತಾ ಬಂದು ಎಲ್ಲ ಕೇಳಿದ.

“ಅಕ್ಕಾ, ನಂಗೆ ಆಂಬುಲೆನ್ಸೇ ಬೇಕು. ಅಪ್ಪನಿಗೆ ಡಯಾಲಿಸಿಸ್. ವಾರಕ್ಕೆ ಎರಡು ಸರ್ತಿ ಮಂಗ್ಳೂರಿಗೆ ಹೋಗ್ಬೇಕು. ಬಾಡಿಗೆ ಕಾರಿನವ ಮಳೆಗೆ ಬರುದೇ ಇಲ್ಲ.”

“ನಿಮ್ಮ ಬಾವಿ…”

“ಬಾವಿಯಲ್ಲಿ ನೀರು ಉಂಟು ಈಗ. ಅಪ್ಪ ಇರುದು ಎಷ್ಟು ದಿನವೋ.”

ಪೆನ್ನು ಚೀಲಕ್ಕೆ ಹಾಕಿ ಎದ್ದೆ. ಅವನೇ ತಡೆದ. “ಕೊಡಿ, ಸಹಿ ಹಾಕ್ತೇನೆ. ಸಭೆ ಆಗ್ಲಿ. ನಾನು ಬಂದು ಅದಕ್ಕೆ ವೋಟು ಹಾಕ್ತೇನೆ, ನಿಮ್ಗಲ್ಲ. ಆದ್ರೆ ಹೋಗ್ಲಿಕ್ಕೆ ಗಾಡಿ ನೀವೇ ಮಾಡ್ಬೇಕು.”

ವಾಪಸು ಬರುವಾಗ ನಾನು ಕಾರಿನ ಕಿಟಕಿಯ ಗಾಜು ಏರಿಸುತ್ತಾ ಇಳಿಸುತ್ತಾ ಇದ್ದೆ. ಕೊನೆಗೆ ಗಂಡ ಬಟನ್ ಲಾಕ್ ಮಾಡಿದ.

ಸಭೆ ನಡೆದದ್ದು ಅಬ್ಬಾಸಿಯಾದ ಒಂದು ಹೋಟೆಲಿನ ನೆಲಮಾಳಿಗೆಯಲ್ಲಿ. ನಮ್ಮ ಕಾರಿನಲ್ಲೇ ಬಂದ ವಫ್ರಾದವನು ಹಿಂದಿನ ಸಾಲಿನಲ್ಲಿ ಕೂತ. ಅಧ್ಯಕ್ಷರು ಚೆನ್ನಾಗಿ ಮಾತಾಡಿದರು. ಅಣ್ಣನ ಹೆಸರು ಎತ್ತಲಿಲ್ಲ. ರಿಕ್ಷಾದಲ್ಲಿ ಹೋಗುವಾಗ ಒಬ್ಬ ಮನುಷ್ಯನ ಕಾಲು ಹೊರಗೆ ನೇತಾಡುತ್ತಿತ್ತಂತೆ, ಅಷ್ಟೇ ಹೇಳಿದರು.

ನಾನು ಕೆಟ್ಟದಾಗಿ ಮಾತಾಡಿದೆ. ಮೈಕು ಕಿರುಚಿತು. ಆಂಬುಲೆನ್ಸ್ ಬರಲಿ, ಅದಕ್ಕೆ ಬೇರೆ ಸೇರಿಸುವ, ನಾನೂ ಕೊಡುತ್ತೇನೆ ಎಂದೆ. “ಈ ಹಣ ಒಂದು ಕೆಲಸಕ್ಕೆ ಅಂತ ನಾವೇ ವೋಟು ಹಾಕಿ ಕಟ್ಟಿಟ್ಟದ್ದು. ಇವತ್ತು ಒಳ್ಳೆ ಕೆಲಸಕ್ಕೆ ಅಂತ ಗಂಟು ಬಿಚ್ಚಿದ್ರೆ, ನಾಳೆ ಹಾಲ್ ಕಟ್ಟುವ ಅಂತ ಬಿಚ್ಚುದು, ನಾಡಿದ್ದು ಇನ್ನೊಂದಕ್ಕೆ. ಒಳ್ಳೆ ಕೆಲಸಕ್ಕೆ ಎಲ್ಲಿ ಕೊನೆ ಉಂಟು?”

“ಖಲಾಸ್ ಅಕ್ಕಾ, ಯಲ್ಲಾ, ವೋಟು ಮಾಡುವ” ಎಂದು ಯಾರೋ ಅರಬಿ ಬೆರೆಸಿ ಅವಸರಪಡಿಸಿದರು. ಇನ್ನೊಬ್ಬರು, “ಇವರ ಮನೆಯಲ್ಲಿ ಯಾರಾದ್ರೂ ಹೀಗೆ ಹೋಗಿದ್ರೆ ಗೊತ್ತಾಗ್ತಿತ್ತು” ಎಂದದ್ದು ಮೈಕಿಲ್ಲದೆಯೂ ಸ್ಪಷ್ಟವಾಗಿ ಕೇಳಿತು. ಅಧ್ಯಕ್ಷರೇ ಎದ್ದು, “ಹಾಗೆ ಮಾತಾಡುದು ಬೇಡ” ಎಂದು ಅವರನ್ನು ಕೂರಿಸಿದರು.

ಚೀಟಿ ಎಣಿಸುವಾಗ ನನಗೆ ನೋಡಲಾಗದೆ ಮೆಟ್ಟಿಲು ಹತ್ತಿ ಹೊರಗೆ ಬಂದು ನಿಂತೆ. ಧೂಳಿನ ಗಾಳಿ ಎದ್ದು ಎದುರಿನ ಅಂಗಡಿಯ ಬೋರ್ಡೂ ಮಸುಕಾಗಿತ್ತು. ಮೇಲೆ ಬಂದು ಫಲಿತಾಂಶ ಹೇಳಿದ್ದು ಕಾಕ. ಆಂಬುಲೆನ್ಸಿಗೇ ಹೆಚ್ಚು ಮತ ಬಿದ್ದಿತ್ತು. ಆದರೆ ಮೂರರಲ್ಲಿ ಎರಡು ಪಾಲು ಮುಟ್ಟಲಿಲ್ಲ, ಸ್ವಲ್ಪದರಲ್ಲಿ ತಪ್ಪಿತು. ಹಣ ಪದವಿಗೇ ಉಳಿಯಿತು.

ಗೆದ್ದೆ ಎನ್ನಲು ಬಾಯಿ ಬರಲಿಲ್ಲ. ಹೆಚ್ಚು ಜನ ಬೇಕೆಂದದ್ದನ್ನು ನಿಯಮದ ಬಲದಿಂದ ತಡೆದವಳು ನಾನು. ಆಮೇಲೆ ವಾರಗಟ್ಟಲೆ ಅಂಗಡಿಯಲ್ಲಿ, ಲಿಫ್ಟಿನಲ್ಲಿ ಊರಿನ ಹೆಂಗಸರು ನನ್ನನ್ನು ಕಂಡರೆ ಮಕ್ಕಳ ಕೈ ಹಿಡಿದು ಬೇರೆ ಕಡೆ ನೋಡುತ್ತಿದ್ದರು. ಆಂಬುಲೆನ್ಸಿಗೆ ಬೇರೆ ಹಣ ಸೇರಿಸಲು ಶುರುವಾಯಿತು. ನಾನೂ ಕಳಿಸಿದೆ. ಆದರೆ ನಾನು ಅಂದುಕೊಂಡ ವೇಗದಲ್ಲಿ ಜನ ಕೊಡಲಿಲ್ಲ. ಯಾವಾಗ ಬೇಕಾದರೂ ಕೊಟ್ಟಾರು ಎಂಬ ನನ್ನ ಲೆಕ್ಕ ಅಷ್ಟೇನೂ ಸರಿ ಇರಲಿಲ್ಲ. ಕೊನೆಗೆ ಮಳೆಗಾಲ ಅರ್ಧ ಕಳೆದ ಮೇಲೆ ಒಂದು ಸೆಕೆಂಡ್ ಹ್ಯಾಂಡ್ ವ್ಯಾನು ಊರಿಗೆ ಬಂತು.

ಅದು ಬರುವ ಮೊದಲೇ ವಫ್ರಾದವನ ಅಪ್ಪ ತೀರಿಕೊಂಡಿದ್ದರು. ಫೋನ್ ಮಾಡಿದೆ. “ಮನೆಯಲ್ಲೇ, ನಿದ್ರೆಯಲ್ಲೇ ಹೋದ್ರು ಅಕ್ಕಾ. ಆಂಬುಲೆನ್ಸ್ ಇದ್ರೂ…” ಎಂದವನು ಅಲ್ಲಿಗೇ ನಿಲ್ಲಿಸಿದ. ಇದ್ದರೂ ಉಳಿಯುತ್ತಿರಲಿಲ್ಲ ಎಂದು ಹೇಳಹೊರಟನೋ, ಬೇರೆ ಏನೋ, ನಾನು ಕೇಳಲಿಲ್ಲ. ಹಿಂದಿನಿಂದ ನೀರಿನ ಪಂಪಿನ ಸದ್ದು ಬರುತ್ತಿತ್ತು. “ಕೆಲಸ ಉಂಟು” ಎಂದು ಫೋನ್ ಇಟ್ಟ. ಆ ಅರ್ಧ ವಾಕ್ಯ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ತರಕಾರಿ ಹೆಚ್ಚುವಾಗ, ಬಿಲ್ಲು ಹೊಡೆಯುವಾಗ ಥಟ್ಟನೆ ಎದ್ದು ಕೂರುತ್ತದೆ. ನಾನೂ ಎದ್ದು ಒಂದು ಸುತ್ತು ಓಡಾಡಿ ಬರುತ್ತೇನೆ.

ಅದಾದ ಸ್ವಲ್ಪ ಸಮಯಕ್ಕೆ ಅಧ್ಯಕ್ಷರ ಫೋನ್ ಬಂತು. ಸಭೆಯ ನಂತರ ನಾವು ಮಾತಾಡಿರಲಿಲ್ಲ. ಪದವಿನ ನಡುವಿನ ತುಂಡು, ದೊಡ್ಡ ಪಳ್ಳ ಇರುವುದು, ಮಾರಾಟಕ್ಕೆ ಬಂದಿತ್ತು. ಅದರ ಯಜಮಾನ ಇಲ್ಲೇ ಕುವೈತಿನ ಸಾಲ್ಮಿಯಾದಲ್ಲಿ ಇರುವ ಇಂಜಿನಿಯರ್. ಕೋರೆಯವರು ಆಗಲೇ ಅವರನ್ನು ಹಿಡಿದಿದ್ದರು.

“ನೀವೂ ಬನ್ನಿ ಅಕ್ಕಾ. ನಿಮ್ಮ ಹಟ ಅಲ್ವಾ, ಈಗ ಉಪಯೋಗಕ್ಕೆ ಬರ್ಲಿ.”

ಇಂಜಿನಿಯರರ ಫ್ಲಾಟಿನಲ್ಲಿ ನಾನು ಬಾವಿ, ನೀರು ಎಂದು ಶುರುಮಾಡಿದೆ. ಅವರು ಮುಗುಳ್ನಕ್ಕು ತಲೆ ಆಡಿಸಿದರು. ಕೋರೆಯವರು ಹೆಚ್ಚು ಕೊಡುತ್ತಾರೆ ಎಂದರು. ಅಧ್ಯಕ್ಷರು ನೀರಿನ ಮಾತೇ ಎತ್ತಲಿಲ್ಲ. ಇಂಜಿನಿಯರರ ಮಗನ ಓದು ಕೇಳಿದರು, ಊರಲ್ಲಿರುವ ಅಕ್ಕನ ಆರೋಗ್ಯ ಕೇಳಿದರು. ಆಗ ಇಂಜಿನಿಯರ್ ತಾವೇ ಹೊರಹಾಕಿದರು: “ಅದೇ ತಲೆನೋವು. ಜಾಗದಲ್ಲಿ ಅವಳ ಹೆಸರೂ ಉಂಟು. ಕೋರೆಗಾದ್ರೆ ಅಕ್ಕ ಸೈನ್ ಹಾಕುದಿಲ್ಲ ಅಂತ ಕೂತಿದ್ದಾಳೆ. ಅವಳ ಮನೆ ಪದವಿನ ಕೆಳಗೇ ಅಲ್ವಾ.”

“ಕೋರೆಯವರಿಗೆ ಲೈಸೆನ್ಸ್ ಆಗ್ಬೇಕು, ನಿಮ್ಮ ಅಕ್ಕ ಒಪ್ಬೇಕು, ಆಮೇಲೆ ದುಡ್ಡು” ಎಂದರು ಅಧ್ಯಕ್ಷರು ಮೆಲ್ಲಗೆ. “ನಮ್ದು ಬ್ಯಾಂಕಿನಲ್ಲೇ ಉಂಟು. ಅಕ್ಕ ಸೈನ್ ಹಾಕಿದ ದಿನ ಪೂರ್ತಿ.”

ಎದ್ದು ಬರುವಷ್ಟರಲ್ಲಿ ಇಂಜಿನಿಯರ್ ಒಪ್ಪಿದ್ದರು. ಊರಿನಲ್ಲಿ ನೋಂದಣಿಯೂ ತಡವಾಗದೆ ಮುಗಿಯಿತು. ಆದರೆ ಆ ದಿನ ವಾಪಸು ಬರುವಾಗ ಅದು ಇನ್ನೂ ಬರೀ ಬಾಯಿಮಾತು. ಅಧ್ಯಕ್ಷರ ಕಾರಿನಲ್ಲಿ ನಾನು ಕೈಚೀಲದ ಜಿಪ್ಪನ್ನು ಎಳೆಯುತ್ತಾ ಕೂತಿದ್ದೆ. ಸಿಗ್ನಲ್ಲಿನಲ್ಲಿ ಕಾರು ನಿಂತಾಗ ಅಧ್ಯಕ್ಷರು ರಸ್ತೆ ನೋಡುತ್ತಲೇ ಹೇಳಿದರು.

“ನೀವು ಅವತ್ತು ಮಾಡಿದ್ದು ಸರಿ ಅಂತ ನಂಗೆ ಇನ್ನೂ ಅನ್ನಿಸುದಿಲ್ಲ ಅಕ್ಕಾ.”

“ನಂಗೂ ಕೆಲವು ದಿನ ಅನ್ನಿಸುದಿಲ್ಲ” ಎಂದೆ.

ಹಿಂದಿನ ಕಾರಿನವನು ಹಾರ್ನ್ ಹೊಡೆದ. ಸ್ವಲ್ಪ ದೂರ ಹೋದ ಮೇಲೆ ಅವರು, “ಗಡಿಕಲ್ಲು ಹಾಕಿಸ್ಲಿಕ್ಕೆ ಯಾರನ್ನು ಕಳಿಸುವ?” ಎಂದು ಕೇಳಿದರು. ಊರಲ್ಲಿ ಯಾರಿದ್ದಾರೆ, ಯಾರನ್ನು ನಂಬಬಹುದು ಎಂದು ಅಬ್ಬಾಸಿಯಾ ಬರುವ ತನಕ ಇಬ್ಬರೂ ಯೋಚಿಸುತ್ತಾ ಬಂದೆವು.