ಮಗಳ ಮಂಡಿಯೂ ಕೋಚಣ್ಣನೂ

ಭಾನುವಾರ ಬೆಳಗ್ಗೆ ಏಳು ನಲವತ್ತಕ್ಕೆ ಮಗಳ ಬೈಕು ಮಣ್ಣಿನ ದಿಬ್ಬದಿಂದ ಹಾರಿ ಕೆಳಗಿಳಿಯುವಾಗ ಹಿಂದಿನ ಚಕ್ರ ಪಕ್ಕಕ್ಕೆ ಜಾರಿತು. ಸಮಯ ಇಷ್ಟು ಖಚಿತವಾಗಿ ಗೊತ್ತಿರುವುದು ನಾನು ಆಗ ಮೊಬೈಲಿನಲ್ಲಿ ಅವಳ ವಿಡಿಯೋ ತೆಗೆಯುತ್ತಿದ್ದುದರಿಂದ. ಆ ವಿಡಿಯೋವನ್ನು ಒಮ್ಮೆಯೂ ಹಾಕಿ ನೋಡಿಲ್ಲ. ನೋಡಬೇಕಾಗಿಯೂ ಇಲ್ಲ. ಅವಳ ಬಲಗಾಲು ಬೈಕಿಗೂ ನೆಲಕ್ಕೂ ನಡುವೆ ಸಿಕ್ಕಿ ತಿರುಚಿಕೊಂಡ ಆ ಕ್ಷಣ ಈಗಲೂ ಕಾಲೇಜಿನಲ್ಲಿ ಪಾಠ ಮಾಡುವಾಗ ಇದ್ದಕ್ಕಿದ್ದಂತೆ ಕಣ್ಣ ಮುಂದೆ ಬಂದು ನಿಲ್ಲುತ್ತದೆ.

ಆಗ ನನ್ನ ಪಕ್ಕದ ಕುರ್ಚಿಯಲ್ಲಿ ಕೂತಿದ್ದವರು ಅವಳಿಗೆ ಬೈಕ್ ಕಲಿಸುತ್ತಿದ್ದ ಕೋಚಣ್ಣ. ಅವರ ಬಲಗಾಲು ಎತ್ತಿನ ಗಾಡಿಯ ಮೂಕಿಯಂತೆ ಯಾವಾಗಲೂ ನೇರವಾಗಿ ಮುಂದಕ್ಕೆ ಚಾಚಿಕೊಂಡಿರುತ್ತಿತ್ತು. ಮಂಡಿ ಸ್ವಲ್ಪವೇ ಬಗ್ಗುತ್ತಿತ್ತು. ಅವರು ಕೂತ ಕಡೆಯೆಲ್ಲ ಜನ ಆ ಕಾಲನ್ನು ಬಳಸಿಕೊಂಡು ಓಡಾಡಬೇಕು. ಯಾರಾದರೂ ದಾಟಿಬಿಟ್ಟರೆ, "ಏಯ್, ವಾಪಸ್ ದಾಟೋ, ನಾನೇನ್ ಇನ್ನೂ ಬೆಳೀಬಾರ್ದಾ?" ಎಂದು ಗದರುತ್ತಿದ್ದರು. ಆಗಲೇ ಅವರಿಗೆ ಅರವತ್ತರ ಹತ್ತಿರ.

ಅವರು ಬೆಂಗಳೂರಿನ ಅಂಚಿನ ಅಟ್ಟೂರಿನ ಹಳೇ ಊರಿನವರು. ಅವರ ಹೊಲವೆಲ್ಲ ಲೇಔಟ್ ಆಗಿತ್ತು. ನಾವು ಗದಗಿನಿಂದ ಬಂದು ಬಾಡಿಗೆಗೆ ಹಿಡಿದ ಮನೆ ಇದ್ದದ್ದೂ ಅವರ ಅಪ್ಪ ಉಳುತ್ತಿದ್ದ ಜಾಗದಲ್ಲೇ. "ನಿಮ್ ಬೆಡ್‌ರೂಮಲ್ಲಿ ಒಳ್ಳೇ ರಾಗಿ ಬರ್ತಿತ್ತು ಮೇಷ್ಟ್ರೇ" ಎಂದು ಮೊದಲ ದಿನವೇ ಹೇಳಿದ್ದರು. ಯಲಹಂಕ ದಾಟಿ ರಾಜಾನುಕುಂಟೆಯ ಕಡೆ ಉಳಿದಿದ್ದ ಸ್ವಲ್ಪ ಜಮೀನನ್ನು ಮಾತ್ರ ಯಾವ ಬಿಲ್ಡರಿಗೂ ಕೊಡದೆ, ಅಲ್ಲಿ ದಿಬ್ಬ, ಹಳ್ಳ, ತಿರುವುಗಳನ್ನು ಮಾಡಿಸಿ, ಮಣ್ಣಿನ ಹಾದಿಯಲ್ಲಿ ಬೈಕ್ ಓಡಿಸುವುದನ್ನು ಕಲಿಸುತ್ತಿದ್ದರು. ಬಿಲ್ಡರ್ ಆಗಿದ್ದ ಅವರ ತಮ್ಮನಿಗೆ ಇದು ಹುಚ್ಚು. ಕೋಚಣ್ಣನಿಗೂ ಅದರ ಬಗ್ಗೆ ಸಂಶಯವಿರಲಿಲ್ಲ. "ಹುಚ್ಚೇ ಕಣ್ರೀ. ಅದ್ಕೇ ಮಂಡಿ ವಿಷ್ಯದಲ್ಲಿ ಬುದ್ಧಿ ಬೇಕು" ಎನ್ನುತ್ತಿದ್ದರು.

ಪಿಯುಸಿ ಓದುತ್ತಿದ್ದ ಮಗಳು ಅಲ್ಲಿಗೆ ಸೇರಬೇಕೆಂದು ಹಟ ಹಿಡಿದಾಗ ನಾವು ಮೂವರೂ ಹೋದೆವು. ಮಂಡಿಗೆ ಕಟ್ಟುವ ಬ್ರೇಸನ್ನು ನನ್ನ ಹೆಂಡತಿ ಮೊದಲೇ ಆನ್‌ಲೈನಿನಲ್ಲಿ ತರಿಸಿದ್ದಳು. ತೊಡೆಗೊಂದು, ಮೀನಖಂಡಕ್ಕೊಂದು ಗಟ್ಟಿ ಚೌಕಟ್ಟು, ಎರಡನ್ನೂ ಸೇರಿಸುವ ಕೀಲು, ಬಿಗಿಯಲು ಪಟ್ಟಿಗಳು. ಕೋಚಣ್ಣ ಅದನ್ನು ಮಗಳ ಕಾಲಿಗೆ ಹಿಡಿದು ನೋಡಿ, ಬೆರಳು ತೂರಿಸಿ, ನಮ್ಮ ಮುಖ ನೋಡಿದರು.

"ಯಾರು ಆರ್ಸಿದ್ದು ಈ ಸೈಜು?"

"ನಾನ ರೀ," ಎಂದಳು ಹೆಂಡತಿ. "ಬೆಳಿಯೋ ಹುಡುಗಿ. ಒಂದ್ ಸೈಜ್ ದೊಡ್ಡದು ತಗೊಂಡ್ರ ಎರಡು ವರ್ಷ ಬರ್ತದಲ್ಲ ಅಂತ."

"ಅಕ್ಕಾ, ಇದು ಸ್ಕೂಲ್ ಶೂ ಅಲ್ಲ. ಮುಂದಕ್ಕೆ ಹತ್ತಿ ತುರುಕಕ್ಕೆ ಬರಲ್ಲ. ಸಡ್ಲ ಇದ್ರೆ ಬೀಳೋ ಹೊತ್ಗೆ ಬ್ರೇಸ್ ಒಂದ್ ಕಡೆ, ಮಂಡಿ ಒಂದ್ ಕಡೆ ಓಗ್ತದೆ."

ನಗು ಬಂತು, ಸಿಟ್ಟೂ ಬಂತು ಅವಳಿಗೆ. ಯೂನಿಫಾರ್ಮ್, ಸ್ವೆಟರ್, ಚಪ್ಪಲಿ ಎಲ್ಲವನ್ನೂ ಒಂದು ಸೈಜು ದೊಡ್ಡದೇ ಕೊಂಡು ಮಗಳನ್ನು ಬೆಳೆಸಿದವಳು. ಬ್ರೇಸನ್ನು ವಾಪಸ್ ಕಳಿಸಿದೆವು.

ಅಳತೆ ತೆಗೆಯುವುದು ಕೋಚಣ್ಣನಿಗೆ ಒಂದು ಶಾಸ್ತ್ರವಿದ್ದಂತೆ. ಮಗಳು ನಿಂತು ತೊಡೆ ಬಿಗಿ ಮಾಡಬೇಕು. ಮಂಡಿಚಿಪ್ಪಿನ ನಡುವಿನಿಂದ ಗೇಣು ಮೇಲೆ, ಗೇಣು ಕೆಳಗೆ ಟೇಪು ಸುತ್ತಬೇಕು. ಎರಡೂ ಕಾಲನ್ನು ಬೇರೆ ಬೇರೆಯಾಗಿ ಅಳೆಯಬೇಕು. ಟ್ರ್ಯಾಕ್ ಪ್ಯಾಂಟಿನ ಮೇಲೆ ಬ್ರೇಸ್ ಕಟ್ಟಿಕೊಂಡು ಬಂದವರನ್ನು ಗೇಟಿನಿಂದಲೇ ತಿರುಗಿಸಿ ಕಳಿಸುತ್ತಿದ್ದರು. ಬಟ್ಟೆ ಜಾರಿದರೆ ಬ್ರೇಸೂ ಜಾರುತ್ತದೆ. ತೆಳ್ಳನೆಯ ಕಾಲುಚೀಲದ ಮೇಲೆ ಕಟ್ಟಬೇಕು, ಪ್ಯಾಂಟು ಅದರ ಮೇಲೆ. ಕೀಲು ಮಂಡಿಚಿಪ್ಪಿನ ನೇರಕ್ಕೆ ಕೂರಬೇಕು. ಮೊದಲು ಬಿಗಿಯಬೇಕಾದದ್ದು ಮೀನಖಂಡದ ಮೇಲ್ಗಡೆಯ ಪಟ್ಟಿ, ಇಡೀ ಬ್ರೇಸಿನ ಭಾರ ತಡೆಯುವುದು ಅದೇ. ಬೂಟು ಹಾಕಿ ನೋಡದೆ ಯಾವ ಬ್ರೇಸನ್ನೂ ಒಪ್ಪುವಂತಿಲ್ಲ, ಎರಡೂ ಒಂದಕ್ಕೊಂದು ತಗುಲಿ ಗುದ್ದಾಡುತ್ತವೆ.

ಇಷ್ಟೆಲ್ಲ ಆದ ಮೇಲೂ ಮೊದಲ ದಿನ ಬೈಕ್ ಮುಟ್ಟುವಂತಿರಲಿಲ್ಲ. ಬ್ರೇಸ್ ಕಟ್ಟಿಕೊಂಡೇ ಶೆಡ್ಡಿನಲ್ಲಿ ಇಡ್ಲಿ ತಿನ್ನಬೇಕು, ಮೆಟ್ಟಿಲು ಹತ್ತಿ ಇಳಿಯಬೇಕು, ನಿಂತಿರುವ ಬೈಕಿನ ಮೇಲೆ ಎದ್ದು ಕೂರಬೇಕು. ಇಡ್ಲಿ ಮುಗಿಯುವುದರೊಳಗೆ ಚುಚ್ಚುತ್ತದೆಂದು ಪಟ್ಟಿಗೆ ಕೈ ಹಾಕಿದವರಿಗೆ ಬೇರೆ ಬ್ರೇಸು. ಕೊನೆಗೆ ಬಿಚ್ಚಿಸಿ ಚರ್ಮ ನೋಡುತ್ತಿದ್ದರು. ಸುತ್ತಲೂ ಸಮನಾಗಿ ಕೆಂಪಾಗಿದ್ದರೆ ಸರಿ. ಒಂದೇ ಕಡೆ ಗೆರೆ ಎದ್ದಿದ್ದರೆ ಆ ಬದಿಯ ಮೆತ್ತೆ ಬದಲಿಸಬೇಕು.

ಜೊತೆಗೆ ಮನೆಯವರಿಗೂ ಒಂದು ಪಾಠ ಇರುತ್ತಿತ್ತು. "ಕಟ್ಟೋದು ಅವ್ಳು ಕಲೀಲಿ. ಬಿದ್ರೆ ಏನ್ ಮಾಡ್ಬೇಕು ಅನ್ನೋದ್ನ ನೀವ್ ಕಲೀರಿ ಮೇಷ್ಟ್ರೇ. ಪಟ್ಟಿ ಸಡ್ಲ ಮಾಡಿ, ಬ್ರೇಸ್ ತೆಗೀಬೇಡಿ. ಡಾಕ್ಟ್ರು ಬರೋಗಂಟ ಕಾಲಿಗೆ ಕಟ್ಟೋ ದಬ್ಬೆ ಅದೇ."

ನಾನು ಕೇಳಿದೆ, "ಅಂದರೆ ಬ್ರೇಸ್ ಇದ್ದರೆ ಮಂಡಿಗೆ ಏನೂ ಆಗುವುದಿಲ್ಲ ಅಲ್ಲವೇ?"

"ಇದೇನ್ ತಾಯತಾನಾ? ಆಗೋದು ಆಗ್ತದೆ. ಕಮ್ಮಿ ಆಗ್ತದೆ, ಅಷ್ಟೇ."

ಅವರ ಕಾಲಿನ ಕಥೆ ನಮಗೆಲ್ಲ ಬಾಯಿಪಾಠವಾಗಿತ್ತು. ಹರೆಯದಲ್ಲಿ ಜೀನ್ಸು, ಕ್ಯಾನ್ವಾಸ್ ಶೂ ಹಾಕಿಕೊಂಡು ರೇಸಿಗೆ ಇಳಿದಿದ್ದರು. ತಿರುವಿನಲ್ಲಿ ಕಾಲು ಊರಿದಾಗ ಬೈಕು ಒಂದು ದಿಕ್ಕಿಗೆ, ಮಂಡಿ ಇನ್ನೊಂದು ದಿಕ್ಕಿಗೆ. "ಆ ಒಂದ್ ಸಲ ಬಿದ್ದೆ ನೋಡಿ, ಕಾಲು ಮರ ಆಗೋಯ್ತು" ಎಂದು ಪ್ರತಿ ಹೊಸಬರಿಗೂ ಹೇಳುತ್ತಿದ್ದರು.

ಆ ಭಾನುವಾರ ಮಗಳು ಬಿದ್ದಾಗ ನಾನು ಓಡಿದೆ. ಬೇರೆ ಸವಾರರು ಬೈಕನ್ನು ಎತ್ತಿ ಹಿಡಿದರು. ಅವಳು ಕಿರುಚಲಿಲ್ಲ, "ಅಪ್ಪಾ, ಕಾಲು ಎಲ್ಲಿದೆ?" ಎಂದು ಕೇಳಿದಳು. ನಾನು ಅವಳ ಕಂಕುಳಿಗೆ ಕೈ ಹಾಕಿ ಎಳೆಯಹೊರಟೆ.

"ಎಳೀಬೇಡ್ರೀ! ಪಟ್ಟಿ! ಪಟ್ಟಿ ಸಡ್ಲ ಮಾಡಿ!"

ಕೋಚಣ್ಣ ತಮ್ಮ ಬಗ್ಗದ ಕಾಲನ್ನು ಬೀಸಿ ಬೀಸಿ ಹಾಕುತ್ತ ಬರುತ್ತಿದ್ದರು. ನನ್ನ ಕೈ ಹೇಗೋ ಪಟ್ಟಿಗಳನ್ನು ಹುಡುಕಿ ಸಡಿಲಿಸಿತು. ಬ್ರೇಸಿನ ಚೌಕಟ್ಟು ಒಂದು ಬದಿಗೆ ಬಾಗಿತ್ತು. ಅವರು ಬಂದು ಮಣ್ಣಿನಲ್ಲಿ ಕುಸಿದು ಕೂತು ಅವಳ ಹೆಲ್ಮೆಟನ್ನು ಎರಡೂ ಕೈಯಲ್ಲಿ ಅಲುಗದಂತೆ ಹಿಡಿದುಕೊಂಡರು. "ಬೂಟೊಳ್ಗೇ ಬೆರಳು ಅಲ್ಲಾಡ್ಸು ಮಗಾ. ಅಲ್ಲಾಡ್ತಾ? ಸಾಕು. ಆ ಲ್ಯಾಂಡಿಂಗು ನೋಡಿದ್ರೆ ನಮ್ಮೂರ್ ಎಮ್ಮೆನೂ ನಗ್ತದೆ." ಅವಳು ನಕ್ಕಳು. ಆಮೇಲೆ ಅತ್ತಳು.

ಆಸ್ಪತ್ರೆಯಲ್ಲಿ ಸ್ಕ್ಯಾನ್ ನೋಡಿದ ಡಾಕ್ಟರು, ಮೂಳೆಗಳನ್ನು ಹಿಡಿದಿಡುವ ಲಿಗಮೆಂಟ್ ಒಂದು ಅರ್ಧ ಹರಿದಿದೆ, ಪೂರ್ತಿ ಹರಿದಿಲ್ಲ, ಆಪರೇಷನ್ ಸದ್ಯಕ್ಕೆ ಬೇಡ ಎಂದರು. ಆದರೆ ಮಂಡಿ ಮೊದಲಿನಂತೆ ಬಗ್ಗುತ್ತದೆಯೇ ಎಂದು ಕೇಳಿದ್ದಕ್ಕೆ, "ವ್ಯಾಯಾಮ ಮಾಡಲಿ, ನೋಡೋಣ" ಎಂದಷ್ಟೇ ಹೇಳಿದರು.

ಆ 'ನೋಡೋಣ'ವನ್ನು ಹೊತ್ತುಕೊಂಡು ಮನೆಗೆ ಬಂದೆವು. ಆಮೇಲೆ ನನಗೆ ರಾತ್ರಿಯಿಡೀ ನಿದ್ದೆ ಅನ್ನುವುದು ಇಲ್ಲವಾಯಿತು. ಕಣ್ಣು ಮುಚ್ಚಿದರೆ ಹಿಂದಿನ ಚಕ್ರ ಜಾರುತ್ತಿತ್ತು. ಹೆಂಡತಿ ಒಂದು ದಿನ ಮೆಲ್ಲಗೆ ಹೇಳಿದಳು, "ಕೋಚಣ್ಣಾರನ್ನ ಮನಿಗೆ ಕರೀಬ್ಯಾಡ್ರಿ. ಒಳ್ಳೇ ಮನಷ್ಯಾ, ಖರೆ. ಆದ್ರ ಅವರ ಕಾಲು ನನಗ ನೋಡಾಕ ಆಗೂದಿಲ್ಲ. ಇಕಿದೂ ಹಂಗಾದ್ರ?"

ಹೇಳದೆಯೇ ಅದು ಅವರಿಗೆ ಗೊತ್ತಾಗಿತ್ತು. ದಿನಾ ಸಂಜೆ ಅವರ ಜೀಪು ನಮ್ಮ ಗೇಟಿನ ಮುಂದೆ ನಿಲ್ಲುತ್ತಿತ್ತು. ಅವರು ಇಳಿಯುತ್ತಿರಲಿಲ್ಲ. ಬಾಗಿಲನ್ನೂ ತೆರೆಯದೆ, ಕಿಟಕಿಯಿಂದ ಸೀಬೆಹಣ್ಣೋ ನುಗ್ಗೆಸೊಪ್ಪೋ ಕೊಟ್ಟು, "ಎಷ್ಟು ಬಗ್ತು?" ಎಂದು ಕೇಳಿ ಹೊರಟುಬಿಡುತ್ತಿದ್ದರು.

ಬಗ್ಗುತ್ತಿರಲಿಲ್ಲ. ವ್ಯಾಯಾಮದ ನೋವಿಗೆ ಮಗಳು ದಿಂಬು ಕಚ್ಚುತ್ತಿದ್ದಳು. ಎರಡನೆಯ ವಾರಕ್ಕೆ, "ನಾನ್ ಮಾಡಲ್ಲ, ಹೀಗೇ ಇರ್ಲಿ ಬಿಡು" ಎಂದು ಮುಖ ತಿರುಗಿಸಿ ಮಲಗಿದಳು. ವ್ಯಾಯಾಮ ಮಾಡಿಸಲು ಬರುತ್ತಿದ್ದ ಫಿಸಿಯೋ ಹೇಳಿದರು, ನಾನು ಹೇಳಿದೆ, ಬೈದೂ ನೋಡಿದೆ. ಆ ಸಂಜೆ ಜೀಪಿನ ಸದ್ದು ಕೇಳಿದಾಗ ಹೆಂಡತಿಯೇ ಎದ್ದು ಗೇಟಿಗೆ ಹೋದಳು.

"ಒಳಗ ಬರ್ರಿ. ಚಾ ಕುಡದು ಹೋಗೀರಂತ."

"ಬೇಡ ಬಿಡಿ ಅಕ್ಕಾ."

"ಬರ್ರಿ ಅಂದ್ನಲ್ಲ. ಆಕಿ ನಿಮ್ಮ ಮಾತಷ್ಟ ಕೇಳ್ತಾಳ."

ಕೋಚಣ್ಣ ಮಗಳ ಮಂಚದ ಎದುರು ಕುರ್ಚಿ ಹಾಕಿಸಿಕೊಂಡು ಕೂತರು. ತಮಾಷೆ ಮಾಡಲಿಲ್ಲ. ಪಂಚೆಯನ್ನು ಮೊಣಕಾಲಿನ ಮೇಲಕ್ಕೆ ಸರಿಸಿ, ತಮ್ಮ ಕಾಲನ್ನು ಬಗ್ಗುವಷ್ಟು ಬಗ್ಗಿಸಿದರು.

"ನಂದು ಇಲ್ಲಿಗ್ ನಿಲ್ತದೆ ಮಗಾ. ಯಾಕ್ ನಿಲ್ತದೆ ಗೊತ್ತಾ?"

"ಬಿದ್ದಿದ್ದಕ್ಕೆ," ಎಂದಳು ಗೋಡೆಯ ಕಡೆಗೇ.

"ಇಲ್ಲ. ಬಿದ್ದಾಗ ನಿನ್ ಥರಾನೇ ಆಗಿದ್ದು. ಡಾಕ್ಟ್ರು ಬಗ್ಸು ಅಂದ್ರು. ನೋವು ತಡೀಲಾರ್ದೆ ಬಿಟ್ಬಿಟ್ಟೆ. ನಮ್ಮವ್ವನೂ ಪಾಪ ಅಂದ್ಲು. ಅಂಗೇ ಕೂತೋಯ್ತು. ನೋವಿಗೆ ಎದರಿ ಬಿಟ್ಟೆ ಅಂತ ಯಾರ್ ತಾವ ಏಳ್ಕೊಳ್ಳೋದು? ಬಿದ್ದಿದ್ದರಿಂದ ಇಂಗಾಯ್ತು ಅಂತ ಇಷ್ಟ್ ವರ್ಷ ಎಲ್ರಿಗೂ ಸುಳ್ಳು ಏಳ್ಕೊಂಡ್ ಬಂದೆ."

ಮಗಳು ನಿಧಾನವಾಗಿ ಅವರ ಕಡೆಗೆ ತಿರುಗಿದಳು.

"ತಾಯಿ ಬೇಜಾರ್ ಮಾಡ್ಕೊಂಡ್ಲು, ಅಪ್ಪ ನಿದ್ದೆಗೆಟ್ಟ ಅಂತ ವ್ಯಾಯಾಮ ಮಾಡ್ಬೇಡ. ನಂದು ನಿಲ್ಲೋ ಜಾಗಕ್ಕಿಂತ ಜಾಸ್ತಿ ಬಗ್ಸು, ನನ್ನ ದಾಟು. ಅಷ್ಟೇ ಕೇಳೋದು. ಆಮೇಲೆ ಬೈಕ್ ಓಡ್ಸು, ಬಿಡು, ನಿನ್ನಿಷ್ಟ."

ಅಂದಿನಿಂದ ಸಂಜೆಗಳೆಲ್ಲ ಹಾಗೆಯೇ. ಅವಳು ಮಂಚದ ಅಂಚಿನಲ್ಲಿ, ಅವರು ಎದುರಿನ ಕುರ್ಚಿಯಲ್ಲಿ, ಇಬ್ಬರೂ ಬಲಗಾಲು ಬಗ್ಗಿಸುವುದು. ಅವಳು ಕಣ್ಣೀರು ಹಾಕಿಕೊಂಡೇ ಅವರನ್ನು ಬೈಯುತ್ತಿದ್ದಳು. ಅವರೂ ವಾಪಸ್ ಬೈಯುತ್ತಿದ್ದರು. ಹೆಂಡತಿ ಅಡುಗೆಮನೆಯಲ್ಲಿ ಚಹಾ ಕುದಿಸುತ್ತ ಅವರ ಬೈಗುಳ ಕೇಳಿಸಿಕೊಂಡು ನಿಲ್ಲುತ್ತಿದ್ದಳು.

ಮುಂದಿನ ವರ್ಷ ಕೋಚಣ್ಣ ಹೃದಯಾಘಾತದಿಂದ ತೀರಿಕೊಂಡರು. ಅಷ್ಟರಲ್ಲಿ ಮಗಳ ಎರಡೂ ಕಾಲನ್ನು ಹೊಸದಾಗಿ ಅಳೆದು, ಸೊರಗಿದ್ದ ಬಲತೊಡೆಗೆ ದಪ್ಪ ಮೆತ್ತೆ ಇಟ್ಟು, ಬೇರೆ ಬ್ರೇಸ್ ಕೂರಿಸಿದ್ದರು. ಅವಳು ಈಗಲೂ ಓಡಿಸುತ್ತಾಳೆ. ನಾನು ಈಗಲೂ ಬೇಲಿ ಹಿಡಿದು ನಿಲ್ಲುತ್ತೇನೆ. ಅವರ ಋಣ ಎಂದು ನಾನು ನೆನೆಯುವುದು ಬ್ರೇಸನ್ನಲ್ಲ. ಆ ಸುಳ್ಳನ್ನು ಹಾಗೆಯೇ ಉಳಿಸಿಕೊಂಡಿದ್ದರೆ ಅವರನ್ನು ಕೇಳುವವರು ಯಾರೂ ಇರಲಿಲ್ಲ. ನನ್ನ ಮಗಳ ಮುಂದೆ ಅದನ್ನು ಬಿಟ್ಟುಕೊಟ್ಟರು.

ಅವಳು ಅವರನ್ನು ದಾಟಿದ್ದು ಆ ವ್ಯಾಯಾಮದ ದಿನಗಳಲ್ಲೇ, ಒಂದು ಬುಧವಾರ ಸಂಜೆ. ಅವಳ ಹಿಮ್ಮಡಿ ನಡುಗುತ್ತ ನಡುಗುತ್ತ ಮಂಚದ ಕೆಳಗೆ ಸರಿಯಿತು. ಕೋಚಣ್ಣ ತಮ್ಮ ಕಾಲನ್ನೊಮ್ಮೆ, ಅವಳ ಕಾಲನ್ನೊಮ್ಮೆ ನೋಡಿದರು. "ಇನ್ನೂ ಒಸಿ," ಎಂದರು. ಚಹಾ ಕುಡಿಯದೆ ಎದ್ದು ಹೋದರು. ಆ ರಾತ್ರಿ ಮಲಗಿದ ನನಗೆ ಎಚ್ಚರವಾದದ್ದು ಹೆಂಡತಿ ಹೆಗಲು ಅಲುಗಿಸಿದಾಗ. ಹಾಲಿನವನು ಬಂದು ಹೋಗಿದ್ದ, ಕಿಟಕಿಯಿಂದ ಬಿಸಿಲು ಬಿದ್ದಿತ್ತು. "ಏಳ್ರೀ, ಕಾಲೇಜಿಗೆ ಹೊತ್ತಾತು," ಎಂದಳು ಅವಳು.